ಚೀನೀ ಭಾಷಿಕರಿಗೆ ‘ಹೆವಿ’ ಕಲಿಸಿದ್ದು: ನನ್ನ ಅನುಭವ

ಇಂಗ್ಲಿಷಿನ ‘ಹೆವಿ’ ಅನ್ನೋ ಒಂದೇ ಒಂದು ವಿಶೇಷಣಕ್ಕೆ ಎರಡು ವಾರ ಪಾಠ ಇಟ್ಟುಕೊಂಡಿದ್ದೀನಿ ಅಂದಾಗ, ಚೀನೀಯರಿಗೆ ಇಂಗ್ಲಿಷ್ ಹೇಳಿಕೊಡುವ ನಮ್ಮ ಆನ್‌ಲೈನ್ ಮೇಷ್ಟ್ರುಗಳ ಗುಂಪಿನಲ್ಲಿ ನಕ್ಕವರೇ ಹೆಚ್ಚು. ‘ಅರ್ಥಗಳ ಪಟ್ಟಿ ಮಾಡಿ, ಪಿಡಿಎಫ್ ಕಳಿಸಿ, ಮುಂದಿನ ಪದಕ್ಕೆ ಹೋಗಿ ಸಾರ್’ ಅಂತ ಹಿರಿಯರೊಬ್ಬರು ಬುದ್ಧಿ ಹೇಳಿದರು. ಈಗ ಅವರೇ ಫೋನ್ ಮಾಡಿ ನನ್ನ ಹಾಳೆಗಳನ್ನು ಕೇಳುತ್ತಿದ್ದಾರೆ. ಕೊಡಬಹುದಾದಷ್ಟನ್ನು ಇಲ್ಲಿ ಬರೆದಿದ್ದೀನಿ.

2021ರ ಜುಲೈನಲ್ಲಿ ಚೀನಾ ಸರ್ಕಾರ ಹೋಂವರ್ಕ್, ಟ್ಯೂಷನ್ ಅನ್ನೋ ‘ಎರಡು ಹೊರೆ ಇಳಿಸುವ’ ನೀತಿ ತಂದು, ಶಾಲಾ ಮಕ್ಕಳಿಗೆ ಹೊರದೇಶದಿಂದ ಪಾಠ ಹೇಳುವ ದಂಧೆಯನ್ನು ನಿಲ್ಲಿಸಿತಲ್ಲ, ಆಗ ನಾನೂ ಗುಂಪಿನ ಉಳಿದವರ ಹಾಗೇ ದೊಡ್ಡವರಿಗೆ ಪಾಠ ಹೇಳುವ ಕಡೆ ತಿರುಗಿದವನು. ಶೆಂಜೆನ್‌ನ ಇಂಜಿನಿಯರುಗಳು, ಚೆಂಗ್ದು ಕಡೆಯ ಆಫೀಸಿನವರು, ತೈವಾನಿನ ತೈಚುಂಗ್‌ನಿಂದ ಒಬ್ಬಿಬ್ಬರು. ಅಲ್ಲಿ ರಾತ್ರಿ ಎಂಟೂವರೆ ಅಂದರೆ ನಮಗೆ ಸಂಜೆ ಆರು, ಆ ಲೆಕ್ಕ ಅನುಕೂಲವೇ. ಶುರುವಿನಲ್ಲಿ ಗಂಟೆಗೆ ಐನೂರು ರೂಪಾಯಿ ಚಿಲ್ಲರೆ ಸಿಗುತ್ತಿತ್ತು. ಅದರಲ್ಲೂ ವಿದ್ಯಾರ್ಥಿಗಳನ್ನು ಹುಡುಕಿಕೊಡುವ ಆನ್‌ಲೈನ್ ವೇದಿಕೆಯವರು ಹತ್ತಿರಹತ್ತಿರ ಕಾಲುಭಾಗ ಮುರಿದುಕೊಳ್ಳುತ್ತಿದ್ದರು.

ಇವರಿಗೆ ಪದ ಗೊತ್ತಿಲ್ಲದೆ ಕಷ್ಟವಲ್ಲ. ‘ಅಬ್ಯಾಂಡನ್’ನಿಂದ ಶುರುವಾಗುವ ಪದಪಟ್ಟಿಯ ಪುಸ್ತಕ ಉರು ಹೊಡೆದು, ಕಾಲೇಜಿನ ನಾಲ್ಕನೇ ಹಂತ, ಆರನೇ ಹಂತದ ಇಂಗ್ಲಿಷ್ ಪರೀಕ್ಷೆ ಮುಗಿಸಿದವರು. ಹೆವಿ ಅಂದರೆ ‘ಜೋಂಗ್’ (ಚೀನೀಯಲ್ಲಿ ‘ಭಾರ’) ಅಂತ ಮಿಡ್ಲ್ ಸ್ಕೂಲಿನಲ್ಲೇ ಕಲಿತಾಗಿದೆ. ಕಲಿತಾಗಿದೆ ಅನ್ನೋದೇ ತೊಂದರೆ. ಬಾಯಿ ಬಿಟ್ಟರೆ ‘ನಿನ್ನೆ ಬಿಗ್ ರೇನ್’, ‘ಮೈ ಅಂಕಲ್ ಹ್ಯಾಸ್ ಎ ಹೆವಿ ಇಲ್‌ನೆಸ್’. ಹೆವಿ ಬೇಕಾದ ಕಡೆ ಇರುವುದಿಲ್ಲ, ಬೇಡದ ಕಡೆ ಬಂದು ಕೂತಿರುತ್ತದೆ.

ಮೊದಲು ನಾನೂ ಪಟ್ಟಿಯನ್ನೇ ಕೊಟ್ಟೆ. ಹದಿನೈದು ಹದಿನಾರು ಅರ್ಥ, ಪಕ್ಕದಲ್ಲಿ ಚೀನೀ ಅನುವಾದ. ಬಾಯಿಪಾಠದಲ್ಲಿ ಇವರನ್ನು ಮೀರಿಸುವವರಿಲ್ಲ. ಮಾರನೇ ದಿನ ಅಷ್ಟನ್ನೂ ಒಪ್ಪಿಸಿದರು, ಅದೇ ಪಾಠದ ಕೊನೆಗೆ ಮಾತಾಡುವಾಗ ಮತ್ತೆ ಬಿಗ್ ರೇನ್. ಆಮೇಲೆ ಚಿತ್ರದ ಕಾರ್ಡುಗಳು. ಮೈಸೂರಿನ ಡಿಸೈನರ್ ಹುಡುಗನಿಗೆ ಹದಿನಾಲ್ಕೋ ಹದಿನೈದೋ ಸಾವಿರ ಕೊಟ್ಟು ಮಾಡಿಸಿದ್ದು. ನೋಡೋಕೆ ಚೆಂದ. ಆದರೆ ಮಳೆಯ ಚಿತ್ರ ನೋಡಿದವರು ಮಳೆ ಅಂದರೇ ಹೊರತು ಹೆವಿ ಅನ್ನಲಿಲ್ಲ. ಹೊಗೆ ಬಿಡುವವನ ಕಾರ್ಡಿಗೆ ಒಬ್ಬರು ‘ಅಡಿಕ್ಟೆಡ್’ ಅಂದರು, ಇನ್ನೊಬ್ಬರು ‘ಮೈ ಬಾಸ್’ ಅಂದರು. ಆ ಕಡತ ಇವತ್ತಿಗೂ ಲ್ಯಾಪ್‌ಟಾಪಿನಲ್ಲಿ ಬಿದ್ದಿದೆ. ಮೂರನೆಯದು ಬಿಟ್ಟಪದ ತುಂಬಿಸುವ ಅಭ್ಯಾಸ. ಅದಕ್ಕೆ ಇಬ್ಬರು ದುಡ್ಡು ವಾಪಸ್ ಕೇಳಿದರು. ನಾನು ವಾಪಸ್ ಕೊಟ್ಟೆ, ವೇದಿಕೆಯವರು ತಮ್ಮ ಪಾಲು ಬಿಡಲಿಲ್ಲ.

ದಾರಿ ಕಂಡಿದ್ದು ಹೆವಿಯನ್ನು ಪಕ್ಕಕ್ಕಿಟ್ಟಾಗ. ನಾಮಪದ ಮಾತ್ರ ಕೊಟ್ಟೆ: ಮಳೆ, ನೆಗಡಿ, ದಂಡ, ಟ್ರಾಫಿಕ್, ಗಾಯ, ನಿದ್ದೆ. ‘ಇದು ವಿಪರೀತವಾದರೆ ನಿಮ್ಮ ಮನೆಯಲ್ಲಿ ಏನಂತೀರಿ? ಇಂಗ್ಲಿಷ್ ಬೇಡ, ಚೀನೀಯಲ್ಲೇ ಹೇಳಿ’ ಅಂದೆ. ಬಂದದ್ದನ್ನೆಲ್ಲ ಚೆಂಗ್ದುವಿನ ವಿದ್ಯಾರ್ಥಿನಿಯೊಬ್ಬಳಿಗೆ ವಾಕ್ಯಕ್ಕೆ ಒಂದು ಯುವಾನ್‌ನಂತೆ ಕೊಟ್ಟು ಸರಿ ನೋಡಿಸಿದೆ. ಒಟ್ಟು ಮೂರು ನಾಲ್ಕು ಸಾವಿರ ರೂಪಾಯಿ ಆಗಿರಬಹುದು. ಈ ಕಸುಬಿನಲ್ಲಿ ನಾನು ಹಾಕಿದ ದುಡ್ಡಿನಲ್ಲಿ ಪೂರ್ತಿ ವಾಪಸ್ ಬಂದದ್ದು ಅದೊಂದೇ.

ಮೂರು ರಾಶಿ ಬಿತ್ತು. ಒಂದರಲ್ಲಿ ಎರಡೂ ಭಾಷೆಗೆ ಒಂದೇ ದಾರಿ: ಹೆವಿ ಇಂಡಸ್ಟ್ರಿ, ಹೆವಿ ಮೆಟಲ್, ಹೆವಿ ಆ್ಯಕ್ಸೆಂಟ್. ಜೋಂಗ್ ಇದ್ದಲ್ಲಿ ಹೆವಿ ಹಾಕಿದರೆ ಸಾಕು. ಅವರು ‘ಜೋಂಗ್ ಗಾನ್‌ಮಾವ್’ ಅನ್ನುವ ನೆಗಡಿ ಪದಕ್ಕೆ ಪದ ಇಟ್ಟರೂ ‘ಹೆವಿ ಕೋಲ್ಡ್’ ಆಗುತ್ತದೆ, ಅದು ಬ್ರಿಟಿಷರು ಆಡುವ ಮಾತೇ. ಇದಕ್ಕೆ ಅರ್ಧ ಗಂಟೆ ಸಾಕು.

ಎರಡನೆಯದರಲ್ಲಿ ಇಂಗ್ಲಿಷಿಗೆ ಹೆವಿ ಬೇಕು, ಚೀನೀಯಲ್ಲಿ ಭಾರದ ಸುಳಿವೇ ಇಲ್ಲ. ಮಳೆ ದೊಡ್ಡದು, ಹಿಮ ದೊಡ್ಡದು, ಟ್ರಾಫಿಕ್ ಅಂದರೆ ಗಾಡಿ ಜಾಸ್ತಿ, ಸಿಗರೇಟು ಸೇದುವ ‘ಹೆವಿ ಸ್ಮೋಕರ್’ಗೆ ಚಟ ದೊಡ್ಡದು, ಎಬ್ಬಿಸಿದರೂ ಏಳದ ‘ಹೆವಿ ಸ್ಲೀಪರ್’ ಸತ್ತಂತೆ ಮಲಗುತ್ತಾನೆ.

ಮೂರನೆಯದು ತಿರುಗುಮುರುಗು. ಚೀನೀಯಲ್ಲಿ ಜೋಂಗ್ ಇದೆ, ಇಂಗ್ಲಿಷಿನಲ್ಲಿ ಹೆವಿ ಕೂಡದು. ‘ಜೋಂಗ್ ಬಿಂಗ್’ ಅಂದರೆ ಸೀರಿಯಸ್ ಕಾಯಿಲೆ, ‘ಜೋಂಗ್ ಶಾಂಗ್’ ಸೀರಿಯಸ್ ಗಾಯ. ಊಟದಲ್ಲಿ ಉಪ್ಪು ಖಾರ ಮುಂದಾಗಿ ಬೇಕು ಅನ್ನುವವರದು ‘ಕೋವೇ ಜೋಂಗ್’. ಚೋಂಗ್‌ಚಿಂಗ್‌ನ ಒಬ್ಬಾಕೆ ಸಿಂಗಪುರದ ಗಿರಾಕಿಗಳ ಮುಂದೆ ಹಾಟ್‌ಪಾಟ್ (ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟ) ಹಂಚುತ್ತಾ ‘ಐ ಹ್ಯಾವ್ ಎ ಹೆವಿ ಟೇಸ್ಟ್’ ಅಂದಿದ್ದರಂತೆ. ಗಿರಾಕಿಗಳಲ್ಲಿ ಚೀನೀ ಬಲ್ಲವರೇ ಹೆಚ್ಚು ನಕ್ಕದ್ದು, ಯಾಕೆಂದರೆ ಚೀನಾದ ಇಂಟರ್ನೆಟ್ ಭಾಷೆಯಲ್ಲಿ ‘ಭಾರದ ರುಚಿ’ ಅನ್ನೋದಕ್ಕೆ ವಿಕೃತ ಅಭಿರುಚಿ ಅನ್ನೋ ಅರ್ಥವೂ ಇದೆ. ಅಂದಹಾಗೆ ಚೋಂಗ್‌ಚಿಂಗ್ ಹೆಸರಿನ ಮೊದಲ ಅಕ್ಷರ ಇದೇ ಜೋಂಗ್ ಅಕ್ಷರ; ಅಲ್ಲಿ ಓದುವುದು ಚೋಂಗ್, ಅರ್ಥ ‘ಇಮ್ಮಡಿ’. ಆ ಊರಿನವರಿಗೆ ಮಾತ್ರ ಇದನ್ನು ಎತ್ತಿ ತೋರಿಸುತ್ತೀನಿ, ಪಾಠಕ್ಕೆ ಮೂಡ್ ಬರುತ್ತದೆ.

ಎಲ್ಲರೂ ಬೇಡ ಅಂದದ್ದನ್ನು ನಾನು ಮಾಡಿದೆ: ಮೂರನೇ ರಾಶಿಯಿಂದ ಪಾಠ ಶುರು. ಸುಲಭದಿಂದ ಕಷ್ಟಕ್ಕೆ ಹೋಗಬೇಕು ಅನ್ನೋದು ಶಾಸ್ತ್ರ, ಗೊತ್ತು. ಆದರೆ ಮೊದಲನೇ ರಾಶಿ ಮೊದಲು ಕೊಟ್ಟರೆ ‘ಹೆವಿ ಅಂದರೆ ಜೋಂಗ್’ ಅನ್ನೋ ಹಳೇ ನಂಬಿಕೆಗೆ ನಾವೇ ನೀರೆರೆದಂತೆ. ಮೊದಲ ದಿನವೇ ಜೋಂಗ್ ಕೈಕೊಡುವ ಜಾಗ ಕಂಡವರು ಆಮೇಲೆ ಪ್ರತಿ ನಾಮಪದಕ್ಕೂ ತಡೆದು ಕೇಳುತ್ತಾರೆ. ಆ ಅನುಮಾನ ಹುಟ್ಟಿದರೆ ಅರ್ಧ ಕೆಲಸ ಆಯಿತು.

ಎರಡನೇ ರಾಶಿಗೆ ‘ಲೈಟ್’ ಜೊತೆ ಸೇರಿಸಿದ್ದು ಇನ್ನೊಂದು ಉಪಾಯ. ದೊಡ್ಡ ಮಳೆ ‘ದಾ ಯೂ’, ಸಣ್ಣ ಮಳೆ ‘ಶ್ಯಾವ್ ಯೂ’. ಇಂಗ್ಲಿಷಿನಲ್ಲಿ ಹೆವಿ ರೇನ್, ಲೈಟ್ ರೇನ್. ಜೋಡಿಯ ಬದಲು ಜೋಡಿ ಕೊಟ್ಟಾಗ ಬಿಡಿ ಪದಕ್ಕಿಂತ ಬೇಗ ಹಿಡಿಯುತ್ತಾರೆ. ಟ್ರಾಫಿಕ್, ಊಟ, ನಿದ್ದೆ, ಸಿಗರೇಟು, ಎಲ್ಲಕ್ಕೂ ಇದು ನಡೆಯಿತು. ಇದಕ್ಕೆ ಪುಕ್ಕಟೆ ಪಠ್ಯವೂ ಸಿಕ್ಕಿತು: ಹಾಂಗ್‌ಕಾಂಗ್ ಹವಾಮಾನ ವೀಕ್ಷಣಾಲಯದ ಮಳೆ ಎಚ್ಚರಿಕೆಗಳು. ಗಂಟೆಗೆ 30 ಮಿ.ಮೀ. ದಾಟಿದರೆ ಆಂಬರ್, 50ಕ್ಕೆ ಕೆಂಪು, 70ಕ್ಕೆ ಕಪ್ಪು. ಚೀನೀ, ಇಂಗ್ಲಿಷ್ ಎರಡರಲ್ಲೂ ಇರುತ್ತವೆ. 2023ರ ಸೆಪ್ಟೆಂಬರ್ 7ರ ರಾತ್ರಿ ಅಲ್ಲಿ ಒಂದೇ ಗಂಟೆಯಲ್ಲಿ 158.1 ಮಿ.ಮೀ. ಸುರಿಯಿತು. ಪಕ್ಕದ ಶೆಂಜೆನ್‌ನವರಿಗೆ ಆ ಮಳೆ ಅನುಭವಿಸಿದ್ದೇ. ‘ಆ ರಾತ್ರಿಯ ಬಗ್ಗೆ ಒಂದು ನಿಮಿಷ ಮಾತಾಡಿ’ ಅಂದರೆ ಸಾಕು, ಹೆವಿ ತಾನಾಗಿ ಬರುತ್ತಿತ್ತು.

ಇಲ್ಲಿ ದಾರಿ ತಪ್ಪಿ ಒಂದಷ್ಟು ದಿನ ಮಳೆ ಲೆಕ್ಕದಲ್ಲೇ ಕಳೆದೆ. ಚೀನಾದ ಹವಾಮಾನ ಇಲಾಖೆಗೆ ದಿನಕ್ಕೆ 25 ಮಿ.ಮೀ. ಆದರೇ ‘ದಾ ಯೂ’. ನಮ್ಮ ಇಲಾಖೆ ‘ಹೆವಿ’ ಅನ್ನಬೇಕಾದರೆ 64.5 ಆಗಬೇಕು. ಆಗುಂಬೆಯ ವಿಡಿಯೊ ತೋರಿಸಿದಾಗ ‘ಲಾವ್‌ಶಿ (ಮೇಷ್ಟ್ರೇ), ಇದಕ್ಕೆ ಯಾವ ಪದ?’ ಅಂತ ತೈಚುಂಗ್‌ನವರು ಕೇಳಿದರು. ಪಾಠಕ್ಕೆ ಉಪಯೋಗವಿಲ್ಲ, ಆದರೆ ಗಿರಾಕಿ ಉಳಿದರು.

ಇದೇ ಹಾಳೆಗಳನ್ನು ಮೈಸೂರಿನ ಕನ್ನಡ ಮಾಧ್ಯಮದ ಹುಡುಗರ ಮೇಲೂ ಪ್ರಯೋಗ ಮಾಡಿದೆ. ನಮ್ಮವರಿಗೆ ಎರಡನೇ ರಾಶಿ ನೀರು ಕುಡಿದಷ್ಟು ಸುಲಭ, ಪೇಪರಿನಲ್ಲಿ ದಿನಾ ‘ಭಾರಿ ಮಳೆ’ ಓದುತ್ತಾರಲ್ಲ. ಆದರೆ ನಮ್ಮಲ್ಲಿ ‘ಹೆವಿ ಖುಷಿ’, ‘ಹೆವಿ ಡೌ’ ಇದೆ. ಒಬ್ಬ ‘ಐ ಆ್ಯಮ್ ಹೆವಿ ಹ್ಯಾಪಿ ಸಾರ್’ ಅಂದ. ಅವರಿಗೆ ಬೇರೆಯೇ ರಾಶಿ ಮಾಡಬೇಕು. ಕೊಡುವವರು ಇಲ್ಲಿ ಗಂಟೆಗೆ ನೂರೈವತ್ತು ಕೊಡುತ್ತಾರೆ, ಹಾಗಾಗಿ ಸದ್ಯಕ್ಕೆ ಬಿಟ್ಟಿದ್ದೀನಿ.

ಚೀನೀಯರ ಪಾಠದ ಕೊನೆಯ ಹಂತ, ದಿನಕ್ಕೊಂದು ವೀಚಾಟ್ (ಅವರ ವಾಟ್ಸಾಪ್) ವಾಯ್ಸ್ ಮೆಸೇಜ್. ಅದರಲ್ಲಿ ಕೇಳುವ ಪ್ರಶ್ನೆಗಳ ಸರಣಿ ಮತ್ತು ಅವುಗಳ ಕ್ರಮ ಇಲ್ಲಿ ಹಾಕುವುದಿಲ್ಲ, ಅದೇ ನನ್ನ ಅನ್ನ. ಒಂದು ಸುಳಿವು: ಪ್ರಶ್ನೆಯಲ್ಲಿ ಎಲ್ಲೂ ಹೆವಿ ಅನ್ನೋ ಪದ ಇರಬಾರದು. ತಿಂಗಳು ಬಿಟ್ಟು ಕೇಳಿದಾಗಲೂ ಹತ್ತರಲ್ಲಿ ಏಳೆಂಟು ಮಂದಿ ಸರಿಯಾಗಿ ಹೇಳುತ್ತಿದ್ದಾರೆ. ಪಟ್ಟಿ ಕೊಡುತ್ತಿದ್ದ ಕಾಲದಲ್ಲಿ ಇಬ್ಬರು ಮೂವರು. ಶೆಂಜೆನ್‌ನ ಇಂಜಿನಿಯರ್ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ ಐದೂವರೆಯಿಂದ ಆರೂವರೆಗೆ ಹೋದರು. ಅದರಲ್ಲಿ ಹೆವಿಯ ಪಾಲು ಎಷ್ಟು ಅಂತ ಕೇಳಬೇಡಿ, ಜಾಹೀರಾತಿಗೆ ಅಷ್ಟು ಸಾಕು. ವೇದಿಕೆ ಬಿಟ್ಟಿದ್ದೀನಿ, ಈಗ ಗಂಟೆಗೆ ಸಾವಿರದ ನೂರರ ಆಸುಪಾಸು.

ಇದೇ ಧೈರ್ಯದಲ್ಲಿ ‘ಸ್ಟ್ರಾಂಗ್’ ಎತ್ತಿಕೊಂಡು ಸಿಕ್ಕಿಹಾಕಿಕೊಂಡಿದ್ದೀನಿ. ಸ್ಟ್ರಾಂಗ್ ಟೀಗೆ ಅವರು ‘ನೋಂಗ್’ ಅನ್ನುತ್ತಾರೆ. ದಟ್ಟ ಮಂಜಿಗೂ ಅದೇ ನೋಂಗ್, ಹೆವಿ ಮೇಕಪ್‌ಗೂ ಅದೇ ನೋಂಗ್. ಗಾಳಿ ಜೋರಾದರೆ ಮತ್ತೆ ‘ದೊಡ್ಡದು’. ರಾಶಿ ಮೂರಲ್ಲ, ಐದಾರಕ್ಕೂ ನಿಲ್ಲುತ್ತಿಲ್ಲ. ಚೆಂಗ್ದುವಿನ ಹುಡುಗಿ ಈ ಸಲ ವಾಕ್ಯಕ್ಕೆ ಎರಡು ಯುವಾನ್ ಕೇಳುತ್ತಿದ್ದಾಳೆ. ಒಂದೂವರೆಗೆ ಚೌಕಾಸಿ ನಡೆದಿದೆ.