ಪ್ರಾಣಿದಯಾ ಸಂಸ್ಥೆಯ ವಿಕಿಪೀಡಿಯ ಲೇಖನ: ಉಲ್ಲೇಖಪಟ್ಟಿಯಿಂದ ಶುರು ಮಾಡಿ
ಇಂಥ ಲೇಖನದ ಮೌಲ್ಯಮಾಪನ ಅಸೈನ್‌ಮೆಂಟ್ ಸಿಕ್ಕಿದ್ದರೆ ಮೊದಲು ಕೆಳಗಿನ ಉಲ್ಲೇಖಪಟ್ಟಿಗೆ ಹೋಗಿ, ಅದರಲ್ಲಿ ಸಂಸ್ಥೆಯದೇ ವೆಬ್‌ಸೈಟ್, ಪತ್ರಿಕಾ ಪ್ರಕಟಣೆ ಎಷ್ಟಿವೆ ಎಣಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಕರಪತ್ರ ಅಂತಲೇ ತಿಳಿಯಿರಿ. ‘ಇಷ್ಟು ಸಾವಿರ ನಾಯಿ ರಕ್ಷಿಸಿದೆವು’ ಎಂಬಂಥ ಅಂಕಿಗಳು ಬರುವುದು ಬಹುಪಾಲು ಅಲ್ಲಿಂದಲೇ. ಸ್ಥಾಪನೆಯ ವರ್ಷ, ವಿಳಾಸಕ್ಕೆ ಸ್ವಂತ ಮೂಲ ಪರವಾಗಿಲ್ಲ. ಹೊಗಳಿಕೆಗೆ, ಸಾಧನೆಗೆ ಆಗದು. 1824ರಲ್ಲಿ ಲಂಡನ್‌ನಲ್ಲಿ ಹುಟ್ಟಿದ, ಪ್ರಾಣಿಹಿಂಸೆ ತಡೆಯುವ ಆರ್‌ಎಸ್‌ಪಿಸಿಎಯಂಥ ದೊಡ್ಡ ಸಂಸ್ಥೆಗಳಿಗೆ ಈ ಎಣಿಕೆ ಸಾಲದು. ಪತ್ರಿಕಾ ವರದಿಗಳ ಉಲ್ಲೇಖ ರಾಶಿ ಇರುತ್ತವೆ, ಆದರೆ ಕೆಲವು ವರದಿ ಪ್ರಕಟಣೆಯ ನಕಲೇ ಆಗಿರಬಹುದು. ಆಗ ವರದಿಯನ್ನೇ ತೆರೆದು ಹೊರಗಿನವರ ಮಾತು ಒಂದಾದರೂ ಇದೆಯೇ ನೋಡಿ. ಆರ್‌ಎಸ್‌ಪಿಸಿಎಯ ಹಣದ ಅಂಕಿಗಳನ್ನು ಇಂಗ್ಲೆಂಡ್-ವೇಲ್ಸ್‌ನ ದತ್ತಿ ಸಂಸ್ಥೆಗಳ ನಿಯಂತ್ರಕವಾದ ಚಾರಿಟಿ ಕಮಿಷನ್ ರಿಜಿಸ್ಟರ್‌ನ ವಾರ್ಷಿಕ ಲೆಕ್ಕಪತ್ರದೊಂದಿಗೆ ತಾಳೆ ಹಾಕಿ. ಟೀಕೆ, ವಿವಾದ ಒಂದು ಸಾಲೂ ಇಲ್ಲದಿದ್ದರೆ ಲೇಖನದ ಹಳೆಯ ಆವೃತ್ತಿಗಳಿರುವ ಇತಿಹಾಸ ಟ್ಯಾಬ್‌ನಲ್ಲಿ ಅಳಿಸಿದ್ದಾರಾ ಹುಡುಕಿ.