ಉಂಡಿದ್ದು ಮೈಗೆ ಹತ್ತಬೇಕಲ್ವಾ?

ಹೋದ ವರ್ಷ ಆರಿದ್ರೆ ಮಳೆ ಹೊಯ್ಯುವಾಗ ಅಂಗಳ ದಾಟಿ ಕೊಟ್ಟಿಗೆಗೆ ಹೋಗುವಷ್ಟರಲ್ಲೇ ನನಗೆ ಏದುಸಿರು ಬರುತ್ತಿತ್ತು. ಅರವತ್ತೆಂಟಾಯ್ತು, ಇನ್ನೇನು ಅಂತ ಸುಮ್ನಿದ್ದೆ. ಮಗಳು ಬಿಡಲಿಲ್ಲ. ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ 9 ಚಿಲ್ಲರೆ. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ತಪ್ಪದೆ ನುಂಗಿದೆ. ಮತ್ತೆ ನೋಡಿದರೆ ಇದ್ದಲ್ಲೇ ಇದೆ! ಯಾವಾಗ ತಗೋತೀರಿ ಅಂತ ಕೇಳಿದರು. ಊಟ ಆದಕೂಡಲೇ, ಕಾಫಿ ಜೊತೆ ಅಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು.

ಕಾಫಿ, ಟೀಯಲ್ಲಿರುವ ಒಗರು ಕಬ್ಬಿಣಾಂಶವನ್ನು ಹಿಡಿದುಕೊಂಡು ಬಿಡುತ್ತದಂತೆ. ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶಕ್ಕೂ ಇದೇ ಗತಿ. ಸಿ ವಿಟಮಿನ್ ಮಾತ್ರ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ. ಅದು ನಿಂಬೆ, ನೆಲ್ಲಿಕಾಯಿ, ಪೇರಲೆಯಲ್ಲಿ ಬೇಕಾದಷ್ಟಿದೆ. ಆದರೆ ಕುದಿಸಿದರೆ ಬಹಳಷ್ಟು ಹಾಳಾಗುತ್ತದೆ. ಹಾಗಾಗಿ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟಕ್ಕೂ ಕಾಫಿಗೂ ಕನಿಷ್ಠ ಒಂದು ಗಂಟೆ ಅಂತರ ಇರಲಿ. ಮಲೆನಾಡಿನವರಿಗೆ ಇದು ಕಷ್ಟ, ನನಗೆ ಗೊತ್ತು. ನಾನು ಮಾತ್ರೆಯನ್ನು ನಿಂಬೆ ಪಾನಕದ ಜೊತೆ ನುಂಗಲು ಶುರು ಮಾಡಿದ ಮೇಲೆ ದೀಪಾವಳಿ ಹೊತ್ತಿಗೆ 11 ದಾಟಿತು.

ಮೈಗೆ ಬೇಕಾದ್ದೇನು ಅಂತ ಕೇಳಿದರೆ ಶಾಲೆಗೆ ಹೋಗುವ ಮೊಮ್ಮಗ ಬಾಯಿಪಾಠ ಒಪ್ಪಿಸುತ್ತಾನೆ. ಪಿಷ್ಟ, ಪ್ರೋಟೀನ್, ಕೊಬ್ಬು, ವಿಟಮಿನ್, ಖನಿಜ, ನಾರು, ನೀರು. ಪಿಷ್ಟ, ಪ್ರೋಟೀನ್ ಒಂದೊಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9. ಇಷ್ಟು ಗೊತ್ತಿದ್ದರೆ ಸಾಕು. ಅಡುಗೆಮನೆಯಲ್ಲಿ ಕೆಲಸಕ್ಕೆ ಬರುವುದು ಯಾವುದನ್ನು ಯಾವುದರ ಜೊತೆ ಬಡಿಸಬೇಕು, ಯಾವುದನ್ನು ಚೆಲ್ಲಬಾರದು ಅನ್ನುವ ಲೆಕ್ಕ.

ಪಿಷ್ಟದ ಚಿಂತೆ ನಮಗಿಲ್ಲ. ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಎಲ್ಲಾ ಅಕ್ಕಿಯೇ. ಕುಸುಬಲಕ್ಕಿಯಾದರೆ ಒಳ್ಳೆಯದು. ಭತ್ತವನ್ನು ನೆನೆಸಿ ಬೇಯಿಸುವಾಗ ಹೊಟ್ಟಿನ ಕೆಳಗಿನ ತೌಡಿನಲ್ಲಿರುವ ಬಿ ವಿಟಮಿನ್ ಒಳಗಿನ ಕಾಳಿಗೆ ಇಳಿಯುತ್ತದೆ. ಬಿಳೀ ಪಾಲಿಶ್ ಅಕ್ಕಿಯಲ್ಲಿ ಅದು ತೌಡಿನ ಜೊತೆಗೇ ಹೊರಟುಹೋಗುತ್ತದೆ. ಇದನ್ನು ಕಂಡುಹಿಡಿಯಲು ದಾರಿ ತೋರಿಸಿದ್ದು ಕೋಳಿಗಳು ಅಂದರೆ ನಂಬುತ್ತೀರಾ? ನೂರು ವರ್ಷಕ್ಕೂ ಹಿಂದೆ ಜಾವಾ ದ್ವೀಪದಲ್ಲಿ ಐಕ್‌ಮನ್ ಅನ್ನುವ ಡಚ್ ವೈದ್ಯರು ನೋಡಿದರು. ಬರೀ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುತ್ತಿತ್ತು. ತೌಡಿರುವ ಅಕ್ಕಿ ಹಾಕಿದರೆ ಎದ್ದು ಓಡಾಡುತ್ತಿದ್ದವು. ಬಿ ವಿಟಮಿನ್ ಸಾಲದೆ ಮನುಷ್ಯರಿಗೂ ಹೀಗೇ ಕೈಕಾಲು ಸೋಲುವ ಬೆರಿಬೆರಿ ರೋಗದ ಗುಟ್ಟು ಬಿಡಿಸುವ ದಾರಿ ಹೀಗೆ ಸಿಕ್ಕಿತು, 1929ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಅಕ್ಕಿಯನ್ನು ನೀರು ತಿಳಿಯಾಗುವ ತನಕ ಏಳೆಂಟು ಸಲ ತೊಳೆಯಬೇಡಿ, ಎರಡು ಸಲ ಸಾಕು. ಬಸಿದ ಗಂಜಿಯನ್ನು ಚೆಲ್ಲಬೇಡಿ. ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ.

ನಮ್ಮ ಕಡೆ ನಿಜವಾಗಿ ಕಡಿಮೆ ಬೀಳುವುದು ಪ್ರೋಟೀನ್. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಗುಡ್ಡದಂಥ ಅನ್ನಕ್ಕೆ ನೀರಿನಂಥ ತಿಳಿಸಾರು ಹಾಕಿಕೊಂಡರೆ ಎಲ್ಲಿಂದ ಬರಬೇಕು? ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಕೂತಿರುತ್ತದೆ. ಸೌಟು ತಳ ಮುಟ್ಟಲಿ. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆ ಇರುವ ಅಂಶ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಎರಡೂ ಸೇರಿದರೆ ಪೂರ್ತಿ.

ಹುರುಳಿಕಟ್ಟಿನ ಸಾರಿನ ಕಥೆ ಇನ್ನೂ ಚೆಂದ. ನಮ್ಮತ್ತೆ ಸೇರುಗಟ್ಟಲೆ ಹುರುಳಿ ಬೇಯಿಸಿ, ಕಟ್ಟು ಬಸಿದು ನಮಗೆ ಸಾರು ಮಾಡುತ್ತಿದ್ದರು. ಬೆಂದ ಕಾಳು ಎಮ್ಮೆಗೆ. ನೂರು ಗ್ರಾಂ ಹುರುಳಿಯಲ್ಲಿ ಹತ್ತಿರ ಹತ್ತಿರ 22 ಗ್ರಾಂ ಪ್ರೋಟೀನ್ ಇದೆ. ಅದರಲ್ಲಿ ಹೆಚ್ಚಿನ ಪಾಲು ಎಮ್ಮೆಯ ಹೊಟ್ಟೆ ಸೇರುತ್ತಿತ್ತು. ಎಮ್ಮೆ ಕಂಬದ ಹಾಗಿತ್ತು, ನಾವು ಕಡ್ಡಿ! ಈಗ ನಾನು ಕಟ್ಟಿಗೆ ಸಾರು ಮಾಡುತ್ತೇನೆ, ಕಾಳಿಗೆ ಕಾಯಿತುರಿ ಹಾಕಿ ಪಲ್ಯ ಮಾಡುತ್ತೇನೆ. ಎಮ್ಮೆಗೆ ಹಿಂಡಿ ಇದೆ.

ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಕಾಳಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಅಂಶ ಕಡಿಮೆಯಾಗುತ್ತದೆ, ಸಿ ವಿಟಮಿನ್ನೂ ಹುಟ್ಟುತ್ತದೆ. ಆದರೆ ಮಳೆಗಾಲದ ಥಂಡಿಗೆ ಮೊಳಕೆ ಬರುವುದೇ ಇಲ್ಲ, ಲೋಳೆಯಾಗಿ ವಾಸನೆ ಹೊಡೆಯುತ್ತದೆ, ಅಲ್ವಾ? ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಚೆನ್ನಾಗಿ ತೊಳೆದು, ಹಳೇ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬಚ್ಚಲಿನಲ್ಲಿ ಹಂಡೆಯ ಒಲೆ ಇರುತ್ತದಲ್ಲ, ಅದರ ಪಕ್ಕದ ಗೋಡೆಯ ಮೊಳೆಗೆ ನೇತುಹಾಕಿ. ಬಟ್ಟೆ ಮುಟ್ಟಿದರೆ ಕೈಗೆ ಬೆಚ್ಚಗೆ ತಾಗಬೇಕು, ಬಿಸಿ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಚಿಮುಕಿಸಿ. ಮಾರನೇ ದಿನ ಗಂಟಿನ ಹೊರಗೆ ಬಿಳೀ ಮೂತಿ ಇಣುಕುತ್ತದೆ. ಮಳೆಗಾಲದಲ್ಲಿ ಹಸಿಯಾಗಿ ತಿನ್ನಬೇಡಿ, ಬೇಯಿಸಿಯೇ ತಿನ್ನಿ.

ಕೊಬ್ಬನ್ನು ಬೈಯುವುದು ಈಗ ಫ್ಯಾಷನ್. ಜಾಸ್ತಿ ಬೇಡ ನಿಜ, ಆದರೆ ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಮಾತ್ರ ಕರಗುತ್ತವೆ. ತಂಬುಳಿ ಮಾಡುವಾಗ ಸೊಪ್ಪನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಮೆಣಸಿನಕಾಳಿನ ಜೊತೆ ಬಾಡಿಸಿ ಕಾಯಿತುರಿ ಹಾಕಿ ರುಬ್ಬುವುದು ಸುಮ್ನೆ ರುಚಿಗಲ್ಲ. ಡಿ ವಿಟಮಿನ್ನಿಗೆ ಬಿಸಿಲು ಬೇಕು. ಆಗುಂಬೆ, ಹೊಸನಗರದ ಕಡೆಯವರಿಗೆ ಮಳೆಗಾಲದಲ್ಲಿ ಅದನ್ನು ಎಲ್ಲಿಂದ ತರುವುದು? ಮಳೆ ಬಿಟ್ಟ ಮೇಲೆ ಅಡಿಕೆ ಒಣಹಾಕುವಾಗ ನೀವೂ ತೋಳು ಬಿಟ್ಟು ಸ್ವಲ್ಪ ಹೊತ್ತು ಅಲ್ಲೇ ಕೂತುಕೊಳ್ಳಿ.

ಉಪ್ಪನ್ನು ಮರಿಗೆಯಲ್ಲಿ ತೆರೆದಿಟ್ಟರೆ ಮಳೆಗಾಲದಲ್ಲಿ ನೀರೊಡೆದು ಅಯೋಡಿನ್ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬ ಇಡಿ, ಅಡುಗೆಯ ಕೊನೆಗೆ ಹಾಕಿ. ಮಳೆ ಜಾಸ್ತಿ ಬೀಳುವ ಗುಡ್ಡದ ಸೀಮೆಯ ಮಣ್ಣಿನಿಂದ ಅಯೋಡಿನ್ ತೊಳೆದುಹೋಗಿರುತ್ತದೆ. ಹಿಂದೆಲ್ಲ ಇಂಥ ಕಡೆ ಕುತ್ತಿಗೆಯಲ್ಲಿ ಗಳಗಂಡ ಕಾಣುತ್ತಿದ್ದುದು ಅದಕ್ಕೇ. ಹಾಗಂತ ಉಪ್ಪು ಸುರಿಯಬೇಡಿ. ಮಿಡಿ ಉಪ್ಪಿನಕಾಯಿಯೂ ಸೇರಿ ದಿನಕ್ಕೆ ಒಂದು ಚಮಚ, 5 ಗ್ರಾಂ ಒಳಗೇ ಇರಲಿ.

ಇನ್ನೊಂದು, ಸಸ್ಯಾಹಾರಿ ಮನೆಯ ವಯಸ್ಸಾದವರಿಗೆ. ಬಿ 12 ಅನ್ನುವ ವಿಟಮಿನ್ ಯಾವ ಸೊಪ್ಪಿನಲ್ಲೂ ಇಲ್ಲ. ಮೀನು, ಮೊಟ್ಟೆ, ಮಾಂಸ ಬಿಟ್ಟರೆ ಹಾಲು, ಮೊಸರೇ ಗತಿ. ವಯಸ್ಸಾದ ಮೇಲೆ ಅದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಮ್ಮ ಮನೆಯವರು ಒಂದು ಸಂಜೆ ತೋಟದಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಎಲ್ಲಿ ಅಂದರೆ, ಬಿದ್ದುಹೋಗಿದ್ದೇ ಗೊತ್ತಿಲ್ಲ. ಪಾದ ಅಷ್ಟು ಜೋಮು ಹಿಡಿದಿತ್ತು. ವಾತ ಅಂತ ಆರು ತಿಂಗಳು ಎಣ್ಣೆ ತಿಕ್ಕಿದ್ದೇ ಬಂತು. ರಕ್ತ ಪರೀಕ್ಷೆ ಮಾಡಿಸಿದಾಗ ಬಿ 12 ತೀರಾ ಕಡಿಮೆ ಇತ್ತು. ಈಗ ತಿಂಗಳಿಗೊಂದು ಇಂಜೆಕ್ಷನ್ ಆಗುತ್ತಿದೆ. ಮೊನ್ನೆ ತೋಟದಿಂದ ಬಂದವರೇ ಹೊಸ ಚಪ್ಪಲಿ ಕಚ್ಚುತ್ತದೆ ಅಂತ ಗೊಣಗುತ್ತಿದ್ದರು.