ಮಿನಾದ ಕೆಮ್ಮು, ಮೂರು ಗುಳಿಗೆಯ ಪಟ್ಟಿ

2023ರ ಹಜ್‌ಗೆ ಭಾರತದಿಂದ ಹೋದ ವೈದ್ಯರ ತಂಡದಲ್ಲಿ ನಾನೂ ಇದ್ದೆ. ಮೆಕ್ಕಾದ ಅಜೀಜಿಯಾದಲ್ಲಿ ನಮ್ಮ ದವಾಖಾನೆ. ಮೊದಮೊದಲು ಕಾಲುನೋವು, ಬಿಸಿಲು, ಶುಗರ್ ಅಂತ ಬರುತ್ತಿದ್ದರು. ಹಜ್‌ನ ದಿನಗಳಲ್ಲಿ ಯಾತ್ರಿಕರು ಡೇರೆಗಳಲ್ಲಿ ಉಳಿಯುವ ಮಿನಾದಿಂದ ಜನ ವಾಪಸಾದ ಮೇಲೆ ಬರೀ ಕೆಮ್ಮು. ಆಗದೆ ಇನ್ನೇನು? ಡೇರೆಯಲ್ಲಿ ಹಾಸಿಗೆಗೆ ಹಾಸಿಗೆ ತಾಗಿರುತ್ತದೆ. ಹತ್ತಿರದ ಮುಜ್ದಲಿಫಾದಲ್ಲಿ ಒಂದು ರಾತ್ರಿ ಬಯಲಲ್ಲೇ ಮಲಗುತ್ತಾರೆ. ಹೊರಗೆ ಉರಿಬಿಸಿಲು, ಒಳಗೆ ಎಸಿ, ನಿದ್ದೆಯಂತೂ ಇಲ್ಲ.

ಹಾವೇರಿ ಕಡೆಯ ಒಬ್ಬ ಅಜ್ಜ ಖಾಲಿ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. ಅಜಿತ್ರೋಮೈಸಿನ್ 500 ಅನ್ನುವ ಆ್ಯಂಟಿಬಯೋಟಿಕ್, ಮೂರು ಗುಳಿಗೆಯದ್ದು. 'ಇದರಾಗ ಎರಡ ತಗೊಂಡೀನ್ರಿ ಡಾಕ್ಟ್ರೇ. ಒಂದ ಬಾಜೂದವ್ರಿಗೆ ಕೊಟ್ಟೆ. ಇನ್ನೊಂದ ಪಟ್ಟಿ ಕೊಡ್ರಿ.' ಸೌದಿಯಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡುವ ಹಾಗಿಲ್ಲ. ಇದು ಊರಿನಿಂದಲೇ ಚೀಲದಲ್ಲಿ ಬಂದದ್ದು.

ನಾನೂ ಮೊದಲೆರಡು ದಿನ ಕೇಳಿದವರಿಗೆಲ್ಲ ಬರೆದುಕೊಟ್ಟಿದ್ದೆ. ಬೇಡ ಅಂತ ತಿಳಿಸಿ ಹೇಳೋಕೆ ಐದು ನಿಮಿಷ ಬೇಕು, ಬರೆಯೋಕೆ ಅರ್ಧ ನಿಮಿಷ ಸಾಕು, ಹೊರಗೆ ಉದ್ದ ಸಾಲು. ಆದರೆ ಈ ಕೆಮ್ಮು ಹೆಚ್ಚಾಗಿ ವೈರಸ್‌ನದ್ದು: ರೈನೋವೈರಸ್, ಫ್ಲೂ. ಗುಳಿಗೆ ಅದಕ್ಕೆ ತಾಗುವುದೇ ಇಲ್ಲ. ತಾಗುವುದು ಗಂಟಲಲ್ಲಿ ಸುಮ್ನೆ ಇರುವ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಕ್ಕೆ. ಮೆತ್ತಗಿನವು ಸಾಯುತ್ತವೆ, ಔಷಧಕ್ಕೆ ಜಗ್ಗದವು ಉಳಿಯುತ್ತವೆ. ಆ ವರ್ಷ ಅಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ಒಬ್ಬರ ಗಂಟಲಿನದ್ದು ಇನ್ನೊಬ್ಬರಿಗೆ ದಾಟಿ, ಮನೆಗೆ ಹೋಗಿ ಮೊಮ್ಮಕ್ಕಳ ತನಕ ಮುಟ್ಟುತ್ತದೆ.

ಮೂರನೇ ದಿನದಿಂದ ಕ್ರಮ ಬದಲಿಸಿದೆ. ನಾಡಿ ಹಿಡಿದಂತೆ ಕೈ ಹಿಡಿದು, ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಿದ್ದೆ. ಎಣಿಸುತ್ತಿದ್ದೀನಿ ಅಂತ ಗೊತ್ತಾದರೆ ಉಸಿರಾಟ ಬದಲಾಗುತ್ತದೆ. ಐದು ನಿಮಿಷ ಕೂರಿಸಿ ಬೆರಳಿಗೆ ಆಕ್ಸಿಮೀಟರ್. ಬೆನ್ನಿಗೆ ಸ್ಟೆತಸ್ಕೋಪ್. ಕಫ ಹಸಿರಾಗಿದೆ ಅನ್ನುವುದೊಂದೇ ಕಾರಣಕ್ಕೆ ಆ್ಯಂಟಿಬಯೋಟಿಕ್ ಕೊಡಲಿಲ್ಲ. ಎಲ್ಲ ಸರಿ ಇದ್ದರೆ ಪ್ಯಾರಾಸಿಟಮಾಲ್, ಉಪ್ಪುನೀರಿನ ಗಾರ್ಗಲ್, ಮಾಸ್ಕ್. ಚೀಟಿಯ ಮೇಲೆ ನಾಡಿದ್ದಿನ ತಾರೀಕು ದೊಡ್ಡದಾಗಿ ಬರೆದು, 'ಅವತ್ತು ನನ್ನನ್ನೇ ಬಂದು ನೋಡಿ' ಅನ್ನುತ್ತಿದ್ದೆ. ಜನ ಒಪ್ಪಿದ್ದು ಈ ಮಾತಿಗೆ. ಡಾಕ್ಟರು ಕೈಬಿಟ್ಟಿಲ್ಲ ಅಂತ ಅನಿಸಬೇಕು, ಅಲ್ವಾ?

ಬೇಕಾದವರಿಗೆ ತಡ ಮಾಡಲೂ ಇಲ್ಲ. ಬೀದರ್‌ನ ಒಬ್ಬ ಅಮ್ಮನಿಗೆ ಕೆಮ್ಮು ಕಮ್ಮಿ, ಮಂಪರು ಜಾಸ್ತಿ. ಮಗಳು 'ಸುಸ್ತು ಅಷ್ಟೇ' ಅಂದಳು. ಉಸಿರು ಎಣಿಸಿದರೆ ನಿಮಿಷಕ್ಕೆ 34, ಆಕ್ಸಿಜನ್ 88; ಎರಡೂ ಅಪಾಯದ ಅಂಕಿ. ನ್ಯುಮೋನಿಯಾ. ಮೊದಲ ಡೋಸ್ ನಾವೇ ಕೊಟ್ಟು ಕೂಡಲೇ ಸೌದಿ ಆಸ್ಪತ್ರೆಗೆ ಕಳಿಸಿದೆವು. ವಯಸ್ಸಾದವರಲ್ಲಿ ಅದು ಹೀಗೆ ಸದ್ದಿಲ್ಲದೆ ಬರುತ್ತದೆ. ಉಸಿರು ಎಣಿಸದಿದ್ದರೆ ಅವರಿಗೂ ಕೆಮ್ಮಿನ ಸಿರಪ್ ಕೊಟ್ಟು ಕಳಿಸುತ್ತಿದ್ದೆನೇನೋ.

ಹಾವೇರಿ ಅಜ್ಜ ಮುನಿಸಿಕೊಂಡೇ ಹೋದರು. 'ಇಷ್ಟ ದೂರ ಬಂದು ಉಪ್ಪುನೀರೇನ್ರಿ!' ಆದರೂ ತಾರೀಕಿಗೆ ಸರಿಯಾಗಿ ಬಂದರು. ಜ್ವರ ಬಿಟ್ಟಿತ್ತು. ಕೆಮ್ಮು ಎರಡು ವಾರ ಎಳೆದರೂ ಹೆದರಬೇಡಿ, ಮತ್ತೆ ಜ್ವರ ಬಂದರೆ ಮಾತ್ರ ಡಾಕ್ಟರ ಹತ್ತಿರ ಹಜ್‌ನಿಂದ ಬಂದಿದ್ದೀನಿ ಅಂತ ಹೇಳಿ ಅಂದೆ.

ಈಗ ಊರಲ್ಲಿ ಹಜ್‌ಗೆ ಹೊರಡುವವರು ನನ್ನ ಹತ್ತಿರ ಬರುತ್ತಾರೆ. ಮೆನಿಂಜೈಟಿಸ್ (ಮಿದುಳು ಪೊರೆಯ ಸೋಂಕು) ಲಸಿಕೆ ಕಡ್ಡಾಯ, ಹತ್ತು ದಿನ ಮೊದಲೇ ಆಗಿರಬೇಕು. ಜೊತೆಗೆ ಫ್ಲೂ ಲಸಿಕೆಯನ್ನೂ ಹಾಕಿಸಿಕೊಳ್ಳಿ ಅನ್ನುತ್ತೇನೆ. ಆಮೇಲೆ ಔಷಧದ ಚೀಲ ಬಿಚ್ಚಿಸುತ್ತೇನೆ. ಮೊನ್ನೆ ಒಬ್ಬರು ಅದೇ ಮೂರು ಗುಳಿಗೆಯ ಪಟ್ಟಿ ನಾಲ್ಕು ತೆಗೆದರು. 'ಮಗ ಕೊಡಿಸಿದ್ದು, ಬೇಕಾದೀತು ಅಂತ.' ಅವನ್ನು ತೆಗೆದಿಟ್ಟು, ಆ ಜಾಗದಲ್ಲಿ ಥರ್ಮಾಮೀಟರ್ ಮತ್ತು ಓಆರ್‌ಎಸ್ ಪೊಟ್ಟಣ ಇಟ್ಟು ಕೊಟ್ಟೆ.